ಹೊಸಿಲ ಮುಂದಣ ಚಿತ್ರಶಾಲೆ

ಸಿಮೆಂಟಿಗೆ ಹೆಸರಾದ ಅಮ್ಮಸಂದ್ರದಲ್ಲಿ, ತೆಂಗಿನ ತೋಟಗಳಿಗೆ ಬೆಳಕು ಇಳಿಯುವ ಮುನ್ನವೇ ಹೊಸಿಲುಗಳ ಮುಂದೆ ಚಿತ್ರಶಾಲೆಯೊಂದು ತೆರೆಯುತ್ತದೆ. ಸಾರಿಸಿದ ನೆಲ, ಚುಕ್ಕಿಯ ಸಾಲು, ಬೆರಳ ಸಂದಿಯಿಂದ ಇಳಿಯುವ ಬಿಳಿಯ ಎಳೆ. ಕೆಳಗೆ ಯಾರ ಅಂಕಿತವೂ ಇಲ್ಲ.

ಪ್ಯಾರಿಸ್ಸಿನ ಗೋಡೆಗಳ ಮೇಲಣ ಅನಾಮಿಕರ ಗೀರುಗಳನ್ನು ಬ್ರಸಾಯಿ 1930ರ ದಶಕದಿಂದ ಛಾಯಾಚಿತ್ರಗಳಲ್ಲಿ ಹಿಡಿದ. 1956ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅವನ್ನು ಪ್ರದರ್ಶಿಸಿತು. ಆ ನೆನಪಿನಿಂದ ನಾನೂ ಕ್ಯಾಮೆರಾ ಹಿಡಿದು ಹೊರಟೆ.

"ಹೆಸರು ಬರೆದುಕೊಳ್ಳಲೇ, ತಾಯಿ?" ಎಂದಾಗ ವೃದ್ಧೆಯೊಬ್ಬರು ನಕ್ಕರು: "ನಮ್ಮತ್ತೆ ಕಲಿಸಿದ್ದು ಸ್ವಾಮಿ, ನನ್ನ ಹೆಸರ್ಯಾಕೆ? ಸೊಸೆಗೆ ಇದು ಬರಲ್ಲ. ಅವಳಿಗೊಂದು ಪಟ ಕೊಡಿ."

ಸಂಜೆಗೆ ರಂಗವಲ್ಲಿ ಅಳಿಸಿತ್ತು. ಪಟದಲ್ಲಿ ಚುಕ್ಕಿಗಳೆಲ್ಲ ಉಳಿದಿವೆ. ಯಾವ ಎಳೆ ಮೊದಲು, ಯಾವುದು ಆಮೇಲೆ ಎಂಬುದು ಮಾತ್ರ ಅದರಲ್ಲಿಲ್ಲ. ಅದನ್ನು ಬಲ್ಲದ್ದು ಆ ಕೈಯೊಂದೇ. ಪಟವನ್ನು ಸೊಸೆಗಿತ್ತು, ನಾಳೆ ಬೆಳಗ್ಗೆ ಅತ್ತೆಯ ಪಕ್ಕದಲ್ಲಿ ಕುಳಿತುಕೊಳ್ಳಿರೆಂದು ಹೇಳಿ ಬಂದೆ.