ಟೈಟಾನಿಕ್ ಬಿಟ್ಟುಹೋದ ಕಾವಲು

ಫೆಬ್ರವರಿ ಬಂತೆಂದರೆ ಉತ್ತರ ಅಟ್ಲಾಂಟಿಕ್ ಸಾಗರದ ನಕ್ಷೆಯ ಮೇಲೆ ದಿನವೂ ಹೊಸದಾಗಿ ಒಂದು ಗೆರೆ ಬೀಳುತ್ತದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಆಚೆ, ಗ್ರ್ಯಾಂಡ್ ಬ್ಯಾಂಕ್ಸ್ ಎಂಬ ಕಡಲಪ್ರದೇಶವನ್ನು ಬಳಸಿಕೊಂಡು ಹೋಗುವ ಆ ಗೆರೆಯ ಅರ್ಥ ಇಷ್ಟೇ: ಇದರೊಳಗೆ ಹಿಮಬಂಡೆಗಳಿವೆ, ಸುತ್ತು ಹಾಕಿಕೊಂಡು ಹೋಗಿ. ಗೆರೆ ಎಳೆಯುವ ಸಂಸ್ಥೆಯ ಹೆಸರು ಇಂಟರ್‌ನ್ಯಾಷನಲ್ ಐಸ್ ಪಟ್ರೋಲ್. 1912ರ ಏಪ್ರಿಲ್ 15ರ ನಡುರಾತ್ರಿ ಕಳೆದ ಮೇಲೆ ಟೈಟಾನಿಕ್ ಮುಳುಗಿ 1,500ಕ್ಕೂ ಹೆಚ್ಚು ಜನ ಸತ್ತರಲ್ಲ, ಆ ದುರಂತದ ಕೂಸು ಇದು. ಆ ಹಡಗಿನ ಬಗ್ಗೆ ಸಿನಿಮಾ ಬಂತು, ಪುಸ್ತಕಗಳ ರಾಶಿಯೇ ಬಂತು. 1985ರಲ್ಲಿ ಸುಮಾರು 3,800 ಮೀಟರ್ ಆಳದಲ್ಲಿ ಅವಶೇಷ ಸಿಕ್ಕಿದಾಗಿನಿಂದ ಚಿತ್ರಗಳಿಗೂ ಬರವಿಲ್ಲ. ಆದರೆ ಟೈಟಾನಿಕ್‌ನಿಂದ ಜಗತ್ತಿಗೆ ಉಳಿದದ್ದರಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ನಕ್ಷೆಯ ಮೇಲಿನ ಈ ಗೆರೆ ಎಂದೇ ನಾನು ನಂಬುತ್ತೇನೆ.

ಲೈಫ್‌ಬೋಟ್ ಸಾಲಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಕಥೆ. ಹಡಗಿನಲ್ಲಿದ್ದವರು ಸುಮಾರು 2,200 ಮಂದಿ, 20 ದೋಣಿಗಳಲ್ಲಿ ಜಾಗವಿದ್ದದ್ದು 1,178 ಮಂದಿಗೆ. ಇಷ್ಟಾಗಿಯೂ ಕಾನೂನು ಮುರಿದಿರಲಿಲ್ಲ. ಬ್ರಿಟನ್ನಿನ ಆಗಿನ ನಿಯಮ 1894ರದ್ದು, ಹಡಗಿನ ಟನ್ ನೋಡಿ ದೋಣಿ ಎಣಿಸುವ ಅದರ ಲೆಕ್ಕ 10,000 ಟನ್ನಿಗೇ ನಿಂತಿತ್ತು. ಟೈಟಾನಿಕ್ 46,000 ಟನ್ ದಾಟಿತ್ತು. ಆದರೂ ದೋಣಿ ಬೇಕಾಗುವುದು ಹಡಗು ಒಡೆದ ಮೇಲೆ. ಒಡೆಯುವ ಮುಂಚೆ ಕೈಕೊಟ್ಟದ್ದು ಸುದ್ದಿ. ಏಪ್ರಿಲ್ 14ರಂದು ಹಿಮದ ಎಚ್ಚರಿಕೆಗಳು ಒಂದಾದ ಮೇಲೊಂದು ಬರುತ್ತಲೇ ಇದ್ದವು. ರಾತ್ರಿ 9.40ಕ್ಕೆ ಮೆಸಾಬಾ ಎಂಬ ಹಡಗು ಅಕ್ಷಾಂಶ, ರೇಖಾಂಶ ಸಮೇತ ಹಿಮ ಹರಡಿದ ಜಾಗವನ್ನೇ ತಿಳಿಸಿತು. ಟೈಟಾನಿಕ್ ನೇರವಾಗಿ ಅಲ್ಲಿಗೇ ಹೊರಟಿತ್ತು. ವೈರ್‌ಲೆಸ್ ಕೋಣೆಯ ಸಿಬ್ಬಂದಿ ಮಾರ್ಕೋನಿ ಕಂಪನಿಯ ನೌಕರರು. ಪ್ರಯಾಣಿಕರ ಖಾಸಗಿ ತಂತಿಗಳನ್ನು ದಡಕ್ಕೆ ಕಳಿಸುವ ಕೆಲಸ ಅವರ ಮುಂದೆ ರಾಶಿ ಬಿದ್ದಿತ್ತು, ಮೆಸಾಬಾದ ಸಂದೇಶ ಅಧಿಕಾರಿಗಳ ಕೈ ಸೇರಲೇ ಇಲ್ಲ. ಹತ್ತಿರದಲ್ಲೇ ಹಿಮದ ನಡುವೆ ನಿಂತಿದ್ದ ಕ್ಯಾಲಿಫೋರ್ನಿಯನ್ ಹಡಗು ಎಚ್ಚರಿಸಲು ಹೋದಾಗ, ಸುಮ್ಮನಿರು, ನನಗೆ ಕೆಲಸವಿದೆ ಎಂಬ ಅರ್ಥದ ಉತ್ತರ ಬಂತು. ಕ್ಯಾಲಿಫೋರ್ನಿಯನ್‌ನ ಆಪರೇಟರ್ ಸ್ವಲ್ಪ ಹೊತ್ತಿಗೆ ಯಂತ್ರ ನಿಲ್ಲಿಸಿ ಮಲಗಿದ. 11.40ಕ್ಕೆ ಟೈಟಾನಿಕ್ ಹಿಮಬಂಡೆಗೆ ಬಡಿಯಿತು. ಹಿಮ ಎಲ್ಲಿದೆ ಎಂದು ಹತ್ತಾರು ಜನ ಕಂಡಿದ್ದರು. ಕಂಡದ್ದನ್ನು ಒಟ್ಟು ಮಾಡುವುದು, ಮುಟ್ಟಿಸುವುದು ಯಾರ ಹೊಣೆಯೂ ಆಗಿರಲಿಲ್ಲ.

ಆ ಹೊಣೆಗೆ ಒಂದು ವಿಳಾಸ ಸಿಕ್ಕಿದ್ದು 1914ರಲ್ಲಿ. ಅಷ್ಟರಲ್ಲೇ ಅಮೆರಿಕದ ಸೆನೆಕಾ, ಮಯಾಮಿ ಎಂಬ ಎರಡು ಕಾವಲು ಹಡಗುಗಳು 1913ರಲ್ಲಿ ಆ ಕಡಲಲ್ಲಿ ಪಹರೆ ತಿರುಗಿದ್ದವು. ಲಂಡನ್ನಿನಲ್ಲಿ ಸೇರಿದ್ದ ದೇಶಗಳು 1914ರ ಜನವರಿಯಲ್ಲಿ ಸಮುದ್ರಯಾನದ ಜೀವರಕ್ಷಣೆಗೆ ಒಪ್ಪಂದ ಮಾಡಿಕೊಂಡು, ಹಿಮ ಕಾಯುವ ಕೆಲಸವನ್ನು ಅಮೆರಿಕಕ್ಕೆ ವಹಿಸಿ, ಖರ್ಚನ್ನು ಹಂಚಿಕೊಂಡವು. ಮಹಾಯುದ್ಧದಿಂದಾಗಿ ಆ ಒಪ್ಪಂದ ಕಾಗದದಲ್ಲೇ ಉಳಿಯಿತು. ಪಹರೆ ಮಾತ್ರ ಎರಡು ಯುದ್ಧಗಳ ಕಾಲ ಬಿಟ್ಟರೆ ನಿಂತಿಲ್ಲ. ಒಪ್ಪಂದದ ಮರಿಮಗನಾದ 1974ರ ‘ಸೋಲಾಸ್’ ಇಂದು ನವ ಮಂಗಳೂರು ಬಂದರಿಗೆ ಬರುವ ಅಂತರರಾಷ್ಟ್ರೀಯ ಹಡಗುಗಳಿಗೂ ಅನ್ವಯಿಸುತ್ತದೆ.

ಕಾಯುವುದು ಏನನ್ನು? ಗ್ರೀನ್‌ಲ್ಯಾಂಡಿನ ಪಶ್ಚಿಮ ಕರಾವಳಿಯ ಹಿಮನದಿಗಳಿಂದ ಕಳಚಿಬಿದ್ದ ಬಂಡೆಗಳು ಬ್ಯಾಫಿನ್ ಕೊಲ್ಲಿ ಸುತ್ತಿ, ಲ್ಯಾಬ್ರಡಾರ್ ಪ್ರವಾಹದ ಬೆನ್ನೇರಿ ವರ್ಷಗಟ್ಟಲೆ ತೇಲಿ ದಕ್ಷಿಣಕ್ಕೆ ಬರುತ್ತವೆ. ಎಷ್ಟು ಬರುತ್ತವೆ ಎಂಬುದಕ್ಕೆ ನೇಮವಿಲ್ಲ. 48 ಡಿಗ್ರಿ ಉತ್ತರ ಅಕ್ಷಾಂಶವನ್ನು 1966ರಲ್ಲಿ ಒಂದೂ ದಾಟಲಿಲ್ಲ. 1984ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ದಾಟಿದವು. ಅವುಗಳನ್ನು ನಾಶ ಮಾಡಲೂ ಈ ಪಹರೆಯ ಪಡೆ ಹೆಣಗಿತು. ಬಾಂಬು ಹಾಕಿತು, ಥರ್ಮೈಟ್ ಎಂಬ ಸುಡುವ ಮಿಶ್ರಣ ಉರಿಸಿತು, ಬಿಸಿಲಿಗೆ ಬೇಗ ಕರಗಲೆಂದು ಮಸಿ ಬಳಿಯಿತು. ಬಂಡೆಗಳು ಜಗ್ಗಲಿಲ್ಲ. ಕೊನೆಗೆ ಉಳಿದ ದಾರಿ ಹುಡುಕುವುದು, ಲೆಕ್ಕ ಇಡುವುದು, ಹೇಳುವುದು. 1946ರಿಂದ ವಿಮಾನಗಳು, ಈಚೆಗೆ ಉಪಗ್ರಹಗಳು ಆ ಕೆಲಸಕ್ಕೆ ಒದಗಿವೆ.

ಪ್ರತಿ ಹಡಗಿನಲ್ಲೂ ರಾಡಾರ್ ಇರುವಾಗ ಇನ್ನು ಪಹರೆ ಯಾಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಉಕ್ಕಿನಷ್ಟು ಚೆನ್ನಾಗಿ ಹಿಮ ರಾಡಾರ್ ಅಲೆಯನ್ನು ಹಿಂದಿರುಗಿಸುವುದಿಲ್ಲ. ನಾವಿಕರು ಗ್ರೌಲರ್ ಎಂದು ಕರೆಯುವ ತುಂಡು ನೀರಿನ ಮೇಲೆ ಒಂದು ಮೀಟರ್ ಕೂಡ ಕಾಣುವುದಿಲ್ಲ, ಎದ್ದ ಅಲೆಗಳ ನಡುವೆ ಪರದೆಯ ಮೇಲೆ ಗುರುತೇ ಸಿಗುವುದಿಲ್ಲ, ಆದರೂ ಹಡಗಿನ ಒಡಲು ಸೀಳುವಷ್ಟು ತೂಕವಿರುತ್ತದೆ. 1959ರ ಜನವರಿಯಲ್ಲಿ ಡೆನ್ಮಾರ್ಕಿನ ಹಾನ್ಸ್ ಹೆಡ್‌ಟಾಫ್ಟ್ ಎಂಬ ಹೊಚ್ಚ ಹೊಸ ಹಡಗು, ಎರಡು ಪದರದ ತಳವಿದ್ದೂ, ಮೊದಲ ಯಾನದಿಂದ ಮರಳುವಾಗ ಗ್ರೀನ್‌ಲ್ಯಾಂಡಿನ ದಕ್ಷಿಣ ತುದಿಯ ಬಳಿ ಹಿಮಬಂಡೆಗೆ ಬಡಿದು ಮುಳುಗಿತು. ಅದು ಪಡೆ ಕಾಯುವ ಕಡಲಿನ ಹೊರಗೆ ನಡೆದದ್ದು. ಹಡಗಿನಲ್ಲಿದ್ದ 95 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ತಿಂಗಳುಗಳ ನಂತರ ಐಸ್‌ಲ್ಯಾಂಡಿನ ದಡದಲ್ಲಿ ಒಂದೇ ಒಂದು ಲೈಫ್‌ಬಾಯ್ ಸಿಕ್ಕಿತು.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ದುರಂತದ ಬಿಸಿಯಲ್ಲಿ ಮಾಡಿದ ನಿಯಮ ಕೇಡನ್ನೂ ತರಬಲ್ಲದು. 1915ರಲ್ಲಿ ಷಿಕಾಗೊದ ನದಿಯಲ್ಲಿ, ಕಟ್ಟೆಗೆ ಕಟ್ಟಿದ್ದಾಗಲೇ ಈಸ್ಟ್‌ಲ್ಯಾಂಡ್ ಎಂಬ ಹಡಗು ಮಗುಚಿ 844 ಜನ ಸತ್ತರು. ಮೊದಲೇ ತೂಗಾಡುತ್ತಿದ್ದ ಹಡಗು ಅದು. ಟೈಟಾನಿಕ್ ನಂತರದ ಕಾನೂನಿಗಾಗಿ ಮೇಲೆ ಹೇರಿದ ದೋಣಿಗಳ ಭಾರವೂ ಅದಕ್ಕೆ ಸೇರಿತ್ತು. ಇದನ್ನು ಒಪ್ಪಲೇಬೇಕು. ಐಸ್ ಪಟ್ರೋಲ್ ಭಿನ್ನವಾಗುವುದು ಇಲ್ಲೇ. ಅದು ಯಾವ ಹಡಗಿನ ಮೇಲೂ ಭಾರ ಹೇರಲಿಲ್ಲ, ತಿಳಿವಳಿಕೆ ಕೊಟ್ಟಿತು, ತಪ್ಪನ್ನು ಮರುದಿನದ ನಕ್ಷೆಯಲ್ಲೇ ತಿದ್ದಿತು. ಗೆರೆಗೆ ಬೆಲೆ ಕೊಟ್ಟ ಯಾವ ಹಡಗೂ ಹಿಮಬಂಡೆಗೆ ಬಡಿದಿಲ್ಲ ಎಂಬುದು ಪಡೆಯ ದಾಖಲೆ. ಹೊರಗೆ ಉಳಿದವರು ಬಡಿಯದಿರುವುದರಲ್ಲಿ ಏನು ವಿಶೇಷ ಎನ್ನಬಹುದು. ಗೆರೆ ತಪ್ಪಿದ್ದರೆ ಹೊರಗಿದ್ದವರೇ ಬಡಿಯುತ್ತಿದ್ದರು.

ಖರ್ಚನ್ನು ಒಪ್ಪಂದದ ದೇಶಗಳು ಆ ದಾರಿಯಲ್ಲಿ ಸಾಗುವ ತಮ್ಮ ಹಡಗುಗಳ ಟನ್ ಲೆಕ್ಕದಲ್ಲಿ ಭರಿಸುತ್ತವೆ. ಎಚ್ಚರಿಕೆ ಮಾತ್ರ ಯಾವ ಬಾವುಟದ ಹಡಗಿಗೂ ಪುಕ್ಕಟೆ. ಪ್ರತಿ ಏಪ್ರಿಲ್‌ನಲ್ಲಿ ಪಡೆಯವರು ಟೈಟಾನಿಕ್‌ನಲ್ಲಿ ಸತ್ತವರ ನೆನಪಿಗೆ ಕಡಲಿಗೆ ಹೂವಿನ ಚಕ್ರ ಹಾಕುತ್ತಾರೆ. ಹಿಮಬಂಡೆಗಳ ಕಾಲ ಆಗಿನ್ನೂ ಅರ್ಧ ಕೂಡ ಕಳೆದಿರುವುದಿಲ್ಲ.