ಮುರಕಲ್ಲಿನ ಅಡಿಯ ನಕಾಶೆ

ಊರು, ಹೊಳೆ, ಗುಡ್ಡಗಳನ್ನು ತೋರಿಸುವ ಭೂಪಟವನ್ನು ಸರಪಣಿ ಎಳೆದು, ಕೋನ ಅಳೆದು ಬರೆಯಬಹುದು. ನೆಲದ ಶಿಲೆಗಳನ್ನು ಬಣ್ಣಬಣ್ಣಗಳಿಂದ ಗುರುತಿಸುವ ಭೂವೈಜ್ಞಾನಿಕ ನಕಾಶೆಯನ್ನಾದರೋ ಸುತ್ತಿಗೆಯಿಂದ ಒಡೆದು ತಂದ ಕಲ್ಲಿನ ಸಾಕ್ಷ್ಯವಿಲ್ಲದೆ ಬರೆಯಲಾಗದು. ವಿಲಿಯಂ ಸ್ಮಿತ್ 1815ರಲ್ಲಿ ಇಂಗ್ಲೆಂಡಿನ ಪ್ರಸಿದ್ಧ ನಕಾಶೆಯನ್ನು ಪ್ರಕಟಿಸಿದುದು ಕಾಲುವೆಗಳ ಅಗೆತದಲ್ಲಿ ಕಂಡ ಸ್ತರಗಳನ್ನೂ ಅವುಗಳಲ್ಲಿನ ಜೀವಾಶ್ಮಗಳನ್ನೂ ವರ್ಷಗಟ್ಟಲೆ ಪರೀಕ್ಷಿಸಿದ ಬಳಿಕ. ಆದರೆ ಮೂಲಶಿಲೆಯ ಮೇಲೆ ಕೆಂಪುಕಲ್ಲಿನ, ಎಂದರೆ ಮುರಕಲ್ಲಿನ, ದಪ್ಪ ಹೊದಿಕೆಯಿರುವ ನಾಡಿನಲ್ಲಿ ಆ ಸಾಕ್ಷ್ಯವನ್ನು ಎಲ್ಲಿಂದ ತರಬೇಕು? ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆಯು ಈ ಪ್ರಶ್ನೆಗೆ ತಕ್ಕ ನಿದರ್ಶನ.

ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮದರಾಸಿನಿಂದ ಹೊರಟ ವೈದ್ಯ ಫ್ರಾನ್ಸಿಸ್ ಬುಕಾನನ್, ಮೈಸೂರು ಮಲಬಾರುಗಳನ್ನು ಸುತ್ತಿ, 1801ರ ಆರಂಭದಲ್ಲಿ ಅಂದಿನ ಕನ್ನಡ ಜಿಲ್ಲೆಗೆ ಬಂದು, ಬಂಟ್ವಾಳ, ವೇಣೂರು, ಮೂಡುಬಿದಿರೆಗಳ ಮಾರ್ಗವಾಗಿ ಕಾರ್ಕಳದತ್ತ ಸಾಗಿದನು. ಅದಕ್ಕೆ ಸ್ವಲ್ಪ ಮೊದಲು ಮಲಬಾರಿನ ಅಂಗಾಡಿಪುರದಲ್ಲಿ ಆತನು ಪರಿಶೀಲಿಸಿ, 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಲ್ಯಾಟರೈಟ್ ಎಂದು ಹೆಸರಿಸಿದ ಕಲ್ಲು ನಮ್ಮ ಮುರಕಲ್ಲೇ. ನೆಲದೊಳಗಿರುವಾಗ ಕಬ್ಬಿಣದ ಹತಾರಕ್ಕೆ ಸುಲಭವಾಗಿ ಮಣಿದು, ಹೊರಗಿನ ಗಾಳಿ ತಾಗಿದ ಮೇಲೆ ಗಟ್ಟಿಯಾಗುವ ಅದರ ಗುಣವನ್ನು ಆತನು ದಾಖಲಿಸಿದನು. ಆ ಗುಣವನ್ನೇ ನಂಬಿ ಗೋಡೆ ಎಬ್ಬಿಸುತ್ತಿದ್ದ ಕರಾವಳಿಯವರು ಅದನ್ನು ಮೊದಲೇ ಬಲ್ಲವರಾಗಿದ್ದರು.

ಮುರಕಲ್ಲು ಬಹುಮಟ್ಟಿಗೆ ತನ್ನ ಅಡಿಯ ಶಿಲೆಯ ಅವಶೇಷವೇ ಆಗಿದೆ. ಧಾರಾಕಾರ ಮಳೆಯೂ ಸುಡುಬಿಸಿಲೂ ಸರದಿಯಂತೆ ಬರುವ ಹವೆಯಲ್ಲಿ ಶಿಲೆಯ ಸುಣ್ಣ, ಸೋಡಿಯಂ, ಪೊಟ್ಯಾಸಿಯಂ, ಸಿಲಿಕಗಳು ಕಾಲಕ್ರಮೇಣ ಕರಗಿ ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂಗಳ ಆಕ್ಸೈಡುಗಳು ಹಿಂದುಳಿಯುತ್ತವೆ. ಪದವಿನ, ಎಂದರೆ ಮುರಕಲ್ಲಿನ ಎತ್ತರದ ಬಯಲಿನ, ಮೇಲೆ ಆಳವಾದ ಬಾವಿ ತೋಡಿದರೆ ಈ ಪರಿವರ್ತನೆಯ ಹಂತಗಳೆಲ್ಲ ಒಂದೇ ಗೋಡೆಯಲ್ಲಿ ಕಾಣುತ್ತವೆ: ಮೇಲೆ ತೂತುತೂತಾದ ಕೆಂಪುಕಲ್ಲು, ಅದರ ಕೆಳಗೆ ಮೆತ್ತನೆಯ ಬಿಳಿಚು ಶೇಡಿಮಣ್ಣು, ಅದಕ್ಕೂ ಕೆಳಗೆ ಅರೆಕೊಳೆತ ಕಲ್ಲು, ಕೊನೆಗೆ ಕಠಿಣವಾದ ಪಾದೆ. ಮೇಲಿನ ಚೂರನ್ನಷ್ಟೇ ಸಂಗ್ರಹಿಸಿದವನ ನಕಾಶೆಯಲ್ಲಿ ಸೀಮೆಯೆಲ್ಲ ಒಂದೇ ಬಣ್ಣವಾಗುವುದು ಸಹಜ.

ಹೊದಿಕೆ ಹರಿದ ತಾಣಗಳೂ ಉಂಟು. ಟಿಪ್ಪುವು ಜಮಾಲಾಬಾದ್ ಕೋಟೆ ಕಟ್ಟಿಸಿದ ಬೆಳ್ತಂಗಡಿಯ ಗಡಾಯಿಕಲ್ಲು, ಬಂಟ್ವಾಳದ ಕಾರಿಂಜ, ಮೂಡುಬಿದಿರೆಯ ಕೊಣಾಜೆಕಲ್ಲುಗಳಲ್ಲಿ ಬೆತ್ತಲೆ ಬಂಡೆಯೇ ತಲೆಯೆತ್ತಿ ನಿಂತಿದೆ. ನೇತ್ರಾವತಿಯ ಪಾತ್ರವೂ ಬೇಸಗೆಯಲ್ಲಿ ಅಲ್ಲಲ್ಲಿ ಬಂಡೆಯನ್ನು ತೋರಿಸುತ್ತದೆ. ಇಂಥಲ್ಲಿ ಮಾದರಿ ತೆಗೆಯುವವನು ಮಳೆ ತಿಂದು ಮಂಕಾದ ಹೊರಪದರವನ್ನು ಬಿಟ್ಟು, ಒಳಗಿನ ಹೊಸ ಮೈ ಕಾಣುವಂತೆ ಒಡೆಯಬೇಕು. ಆಗಲೇ ಗಾಜಿನಂತಹ ಸ್ಫಟಿಕಶಿಲೆ, ಮಾಸಲು ಫೆಲ್ಡ್‌ಸ್ಪಾರ್, ಮಿನುಗುವ ಅಭ್ರಕಗಳನ್ನೂ ನೈಸ್ ಶಿಲೆಯ ಕಪ್ಪು ಬಿಳಿ ಪಟ್ಟೆಗಳನ್ನೂ ಗುರುತಿಸಲು ಸಾಧ್ಯ. ಒಡೆದ ಕೂಡಲೇ ಸಂಖ್ಯೆ ಬರೆದು, ಸ್ಥಳ, ಆಳ, ಪಟ್ಟೆಗಳು ಓಡುವ ದಿಕ್ಕುಗಳನ್ನು ಟಿಪ್ಪಣಿಯಲ್ಲಿ ನಮೂದಿಸದಿದ್ದರೆ, ಕಪಾಟಿನಲ್ಲಿ ಎಷ್ಟೇ ಅಂದವಾಗಿ ಕಂಡರೂ ಆ ಕಲ್ಲು ನಕಾಶೆಗೆ ನಿರುಪಯೋಗಿ.

ಆಡಳಿತದ ಗೆರೆಯೂ ಇಂತಹ ಸಂಗ್ರಹವನ್ನು ಹಂಚಿತ್ತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ 1851ರಲ್ಲಿ ಹುಟ್ಟಿತು. ಗ್ರೀನೋ ಎಂಬ ವಿದ್ವಾಂಸನು ಇತರರ ವರದಿಗಳನ್ನು ಜೋಡಿಸಿ 1854ರಲ್ಲಿ ಇಡೀ ಭಾರತದ ನಕಾಶೆಯೊಂದನ್ನು ಹೊರತಂದನು. ಮೈಸೂರು ಸಂಸ್ಥಾನವು 1894ರಲ್ಲಿ ತನ್ನದೇ ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿತು. ಆದರೆ ಈ ಸೀಮೆಯನ್ನೊಳಗೊಂಡ ದಕ್ಷಿಣ ಕನ್ನಡವು 1956ರವರೆಗೆ ಮದರಾಸಿನ ಆಡಳಿತದಲ್ಲಿದ್ದುದರಿಂದ, ಘಟ್ಟದ ಮೇಲಿನ ಮತ್ತು ಕೆಳಗಿನ ನೆಲಗಳು ಬೇರೆ ಬೇರೆ ಕಚೇರಿಗಳ ಪಾಲಾಗಿದ್ದುವು.

ಈಗ ಬಾವಿಗಳಿಗೆ ಉಂಗುರ ಇಳಿಸುತ್ತಾರೆ, ಹಳೆಯ ಕೋರೆಗಳನ್ನು ಮುಚ್ಚಿ ತೋಟವನ್ನೋ ಮನೆಯನ್ನೋ ಮಾಡುತ್ತಾರೆ; ಅದರೊಡನೆ ನೆಲದೊಳಗನ್ನು ನೋಡುವ ಅವಕಾಶವೂ ಮುಚ್ಚಿಹೋಗುತ್ತದೆ. ಊರಿನ ಶಾಲೆಯೊಂದು ಹೊಸ ಬಾವಿಯ ಪ್ರತಿ ಪದರದಿಂದ ಒಂದೊಂದು ಚೂರನ್ನು ಆಳದ ಲೆಕ್ಕಸಹಿತ ಪೆಟ್ಟಿಗೆಯಲ್ಲಿಟ್ಟುಕೊಂಡರೆ, ಮುಂದೆ ನಕಾಶೆ ತಿದ್ದಬಂದವನಿಗೆ ಅದಕ್ಕಿಂತ ನಂಬಲರ್ಹವಾದ ಸಾಕ್ಷಿ ಸಿಗಲಾರದು.