ಹೊಗೆ ಬಿಡಿಸುವ ಕತೆಗಳು

ತುಂಬಿ ಹರಿಯುವ ಹೊಳೆಯನ್ನು ಈಜಿ ದಡ ಸೇರಿದವನೊಬ್ಬನು ತನ್ನ ಮನೆಯ ಹೊಸ್ತಿಲಲ್ಲಿ ಎಡವಿ ಬಿದ್ದು ಸತ್ತನೆಂದು ಕೇಳಿದರೆ ನಮಗೆ ಮರುಕವೂ ಆಶ್ಚರ್ಯವೂ ಒಟ್ಟಿಗೆ ಉಂಟಾಗುತ್ತವೆ. ಹೆಚ್.ಐ.ವಿ. ಎಂಬ ರೋಗಾಣುವಿನೊಡನೆ ಬಾಳುತ್ತಿರುವ ಅನೇಕರ ಸ್ಥಿತಿ ಇಂದು ಹೀಗೆಯೇ ಇದೆ. ಪ್ಯಾರಿಸಿನ ಪಾಸ್ತರ್ ಸಂಸ್ಥೆಯ ವಿಜ್ಞಾನಿಗಳು ಈ ರೋಗಾಣುವನ್ನು ಗುರುತಿಸಿದ್ದು 1983ರಲ್ಲಿ. ಹಲವು ಔಷಧಿಗಳನ್ನು ಒಟ್ಟುಗೂಡಿಸಿ ಕೊಡುವ ಚಿಕಿತ್ಸೆಯು 1996ರ ಸುಮಾರಿಗೆ ಬಳಕೆಗೆ ಬಂದಿತು. ಅಲ್ಲಿಯವರೆಗೆ ಮರಣಶಾಸನವೆಂದೇ ಎಣಿಸಲ್ಪಟ್ಟಿದ್ದ ಸೋಂಕು, ದಿನವೂ ತಪ್ಪದೆ ಔಷಧಿ ಸೇವಿಸುವವರ ಪಾಲಿಗೆ, ಮಧುಮೇಹದಂತೆ ಹತೋಟಿಯಲ್ಲಿಟ್ಟುಕೊಂಡು ದೀರ್ಘಕಾಲ ಬಾಳಬಹುದಾದ ವ್ಯಾಧಿಯಾಯಿತು. ಹೊಳೆಯನ್ನು ದಾಟಿದ್ದಾಯಿತು. ಹಾಗಾದರೆ ಹೊಸ್ತಿಲು ಯಾವುದು? ಸಿಗರೇಟು.

ಡೆನ್ಮಾರ್ಕಿನ ವೈದ್ಯ ವಿಜ್ಞಾನಿಗಳು ತಮ್ಮ ದೇಶದ ಹೆಚ್.ಐ.ವಿ. ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಒಂದು ಲೆಕ್ಕವನ್ನು ಪ್ರಕಟಿಸಿದರು. ಉತ್ತಮ ಚಿಕಿತ್ಸೆ ದೊರೆಯುತ್ತಿರುವ, 35 ವರ್ಷ ವಯಸ್ಸಿನ ಒಬ್ಬ ರೋಗಿಯನ್ನು ತೆಗೆದುಕೊಳ್ಳೋಣ. ರೋಗಾಣುವಿನ ದೆಸೆಯಿಂದ ಅವನ ಆಯುಸ್ಸಿನಲ್ಲಿ ನಷ್ಟವಾಗುವುದು ಸುಮಾರು 5 ವರ್ಷ. ಧೂಮಪಾನದ ದೆಸೆಯಿಂದ ನಷ್ಟವಾಗುವುದು ಸುಮಾರು 12 ವರ್ಷ! ಅಮೆರಿಕದಲ್ಲಿ 2017ರಲ್ಲಿ ಪ್ರಕಟವಾದ ಇನ್ನೊಂದು ಗಣನೆಯ ಪ್ರಕಾರ, ಔಷಧಿಯನ್ನು ಕ್ರಮವಾಗಿ ಸೇವಿಸುತ್ತ ಸಿಗರೇಟನ್ನೂ ಸೇದುತ್ತಿರುವವರು ಏಡ್ಸ್‌ನಿಂದ ಸಾಯುವ ಸಂಭವಕ್ಕಿಂತ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಸಂಭವವು 6ರಿಂದ 13 ಪಟ್ಟು ಹೆಚ್ಚು. ವೈದ್ಯಶಾಸ್ತ್ರವು ಒಂದು ಕೈಯಿಂದ ಕೊಟ್ಟ ವರ್ಷಗಳನ್ನು ಹೊಗೆಯು ಇನ್ನೊಂದು ಕೈಯಿಂದ ಕಸಿದುಕೊಳ್ಳುತ್ತಿದೆ.

ಹೆಂಗಸರ ಮೇಲಿನ ಇಮ್ಮಡಿ ಹೊರೆ

ಅಮೆರಿಕದಲ್ಲಿ ಹೆಚ್.ಐ.ವಿ. ಇರುವ ವಯಸ್ಕರಲ್ಲಿ ಧೂಮಪಾನದ ಪ್ರಮಾಣವು ಉಳಿದ ಜನರಲ್ಲಿರುವುದರ ಸುಮಾರು ಎರಡರಷ್ಟಿದೆ. ಇವರಲ್ಲಿ ಐವರಿಗೊಬ್ಬರಿಗಿಂತ ಹೆಚ್ಚು ಮಂದಿ ಹೆಂಗಸರು. ಆ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಆಫ್ರಿಕನ್ ಮೂಲದವರು. ಬಡತನ, ಹಿಂಸೆ, ವಿಯೋಗ ಮುಂತಾದ ಕಷ್ಟಗಳನ್ನು ಕಂಡವರು ಇವರಲ್ಲಿ ಬಹುಮಂದಿ.

ಇವರ ದೇಹಕ್ಕೆ ಒದಗುವ ಅಪಾಯವೂ ವಿಶೇಷವಾದದ್ದು. ಹೆಚ್.ಐ.ವಿ. ಇರುವ ಸ್ತ್ರೀಯರಿಗೆ ಗರ್ಭಕೊರಳಿನ ಕ್ಯಾನ್ಸರ್ ತಗಲುವ ಸಂಭವವು ಇತರ ಸ್ತ್ರೀಯರಿಗಿಂತ ಸುಮಾರು 6 ಪಟ್ಟು ಹೆಚ್ಚು. ಸಿಗರೇಟು ಅದೇ ಕ್ಯಾನ್ಸರಿಗೆ ಇನ್ನೊಂದು ಕಾರಣ. ಹೊಗೆಯಲ್ಲಿರುವ ನಿಕೊಟಿನ್ ಎಂಬ ದ್ರವ್ಯವು ಒಂದು ಸೇದಿಗೆ ಕೆಲವೇ ಸೆಕೆಂಡುಗಳಲ್ಲಿ ಮಿದುಳನ್ನು ಮುಟ್ಟಿ, ಸುಖಾನುಭವಕ್ಕೆ ಸಂಬಂಧಿಸಿದ ಡೋಪಮೈನನ್ನು ಬಿಡುಗಡೆ ಮಾಡಿಸುತ್ತದೆ. ಸುಮಾರು 2 ಗಂಟೆಗಳಲ್ಲಿ ರಕ್ತದಲ್ಲಿನ ನಿಕೊಟಿನ್ ಅರ್ಧಕ್ಕೆ ಇಳಿಯುತ್ತದೆ. ಇಳಿದೊಡನೆ ಚಡಪಡಿಕೆ, ಸಿಡುಕು, ಮತ್ತೆ ಸೇದಬೇಕೆಂಬ ತವಕ. ಸ್ತ್ರೀಯರ ಯಕೃತ್ತು ಪುರುಷರ ಯಕೃತ್ತಿಗಿಂತ ಬೇಗನೆ ನಿಕೊಟಿನನ್ನು ಕರಗಿಸುತ್ತದೆ. ಆದುದರಿಂದ ಸ್ತ್ರೀಯರಲ್ಲಿ ಈ ತವಕವು ಬೇಗ ಮರುಕಳಿಸುವುದು ಸಹಜ.

ಇಷ್ಟೇ ಆಗಿದ್ದರೆ ಔಷಧಿಯಿಂದಲೇ ಕೆಲಸ ಸಾಗುತ್ತಿತ್ತು. ಚರ್ಮದ ಮೇಲೆ ಅಂಟಿಸುವ ನಿಕೊಟಿನ್ ಪಟ್ಟಿಯು ತವಕವನ್ನು ತಗ್ಗಿಸಿ, ವಾರದಿಂದ ವಾರಕ್ಕೆ ಅದನ್ನು ಇಳಿಸುತ್ತ ಹೋಗಲು ನೆರವಾಗುತ್ತದೆ. ಆದರೆ ಸಿಗರೇಟಿಗೆ ಇನ್ನೊಂದು ಬೇರುಂಟು. ಹೆಚ್.ಐ.ವಿ. ಇರುವ ಹೆಂಗಸು ತನ್ನ ಸೋಂಕಿನ ಸುದ್ದಿಯನ್ನು ನೆರೆಹೊರೆಯವರಿಂದ, ಅನೇಕ ವೇಳೆ ಹೆತ್ತ ಮಕ್ಕಳಿಂದಲೂ ಮುಚ್ಚಿಡುತ್ತಾಳೆ. ಯಾರೊಡನೆಯೂ ಹೇಳಿಕೊಳ್ಳಲಾಗದ ಆ ದುಗುಡಕ್ಕೆ ಸಿಗರೇಟು ಸಂಗಾತಿಯಾಗುತ್ತದೆ. ಅದು ಪ್ರಶ್ನೆ ಕೇಳುವುದಿಲ್ಲ, ಹೀಯಾಳಿಸುವುದಿಲ್ಲ. ‘ಬಿಟ್ಟುಬಿಡಿ’ ಎಂದು ವೈದ್ಯರು ಹೇಳಿದಾಗ, ತನಗಿರುವ ಒಬ್ಬನೇ ಸ್ನೇಹಿತನನ್ನು ಬಿಡೆಂದು ಹೇಳಿದಂತೆ ಅವಳಿಗೆ ತೋರಿದರೆ ಆಶ್ಚರ್ಯವಿಲ್ಲ. ಹೊಗೆ ಕೆಟ್ಟದ್ದೆಂಬುದು ಅವಳಿಗೆ ತಿಳಿಯದ ವಿಷಯವಲ್ಲ. ಅಂಕಿಗಳನ್ನು ಇನ್ನೊಮ್ಮೆ ಒಪ್ಪಿಸಿದರೆ ಹೆಚ್ಚುವುದು ಅವಳ ನಾಚಿಕೆಯೇ ಹೊರತು ಧೈರ್ಯವಲ್ಲ.

ಒಂದರ ನಾದಕ್ಕೆ ಇನ್ನೊಂದು

ಭೌತವಿಜ್ಞಾನದ ತರಗತಿಯಲ್ಲಿ ನಾವು ತೋರಿಸುವ ಒಂದು ಸರಳ ಪ್ರಯೋಗವನ್ನು ವಾಚಕರು ನೋಡಿರಬಹುದು. ಒಂದೇ ಸ್ಥಾಯಿಯ ಎರಡು ಶ್ರುತಿಕವೆಗಳನ್ನು ಮರದ ಪೆಟ್ಟಿಗೆಗಳ ಮೇಲೆ ನಿಲ್ಲಿಸಿ, ಒಂದನ್ನು ತಟ್ಟಿ, ಸ್ವಲ್ಪ ಹೊತ್ತಿನ ಮೇಲೆ ಅದನ್ನು ಕೈಯಿಂದ ಹಿಡಿದು ನಿಲ್ಲಿಸಿದರೆ, ಯಾರೂ ಮುಟ್ಟದ ಎರಡನೆಯ ಕವೆಯು ಮೆಲ್ಲಗೆ ನುಡಿಯುತ್ತಿರುವುದು ಕೇಳಿಸುತ್ತದೆ. ಎರಡನೆಯದಕ್ಕೆ ಒಂದಿಷ್ಟು ಮೇಣ ಮೆತ್ತಿ ಅದರ ಕಂಪನವನ್ನು ಬದಲಾಯಿಸಿದರೆ, ಮೊದಲನೆಯದನ್ನು ಎಷ್ಟು ಬಲವಾಗಿ ತಟ್ಟಿದರೂ ಅದು ಮೌನವಾಗಿಯೇ ಉಳಿಯುತ್ತದೆ. ಇದಕ್ಕೆ ಅನುರಣನೆ ಎಂದು ಹೆಸರು. ಮನುಷ್ಯರ ಮನಸ್ಸು ಉಕ್ಕಿನ ಕವೆಯಲ್ಲವೆಂಬುದು ನಿಜ. ಆದರೂ ಕತೆಯ ವಿಷಯದಲ್ಲಿ ಸಂಶೋಧಕರು ಕಂಡುಕೊಂಡದ್ದು ಇದನ್ನು ಬಹಳವಾಗಿ ಹೋಲುತ್ತದೆ. ಹೇಳುವವರು ಕೇಳುವವರಂತೆಯೇ ಇದ್ದರೆ ಮಾತು ನಾಟುತ್ತದೆ.

ಇದನ್ನು ಅಳೆದು ನೋಡಿದ ಒಂದು ಪ್ರಯೋಗವು ಅಮೆರಿಕದ ಅಲಬಾಮಾ ಸಂಸ್ಥಾನದ ಬರ್ಮಿಂಗ್‌ಹ್ಯಾಮಿನಲ್ಲಿ ನಡೆಯಿತು. ರಕ್ತದೊತ್ತಡವಿದ್ದ ಸುಮಾರು 300 ಮಂದಿ ಆಫ್ರಿಕನ್ ಮೂಲದ ರೋಗಿಗಳಲ್ಲಿ ಒಂದು ಗುಂಪಿಗೆ, ಅವರಂತೆಯೇ ಇದ್ದ ರೋಗಿಗಳು ತಮ್ಮ ಅನುಭವವನ್ನು ಹೇಳಿಕೊಂಡ ಚಿತ್ರಗಳನ್ನು ಕೊಡಲಾಯಿತು. ಇನ್ನೊಂದು ಗುಂಪಿಗೆ ಬೇರೆ ಆರೋಗ್ಯ ವಿಷಯಗಳ ಚಿತ್ರಗಳನ್ನು ಕೊಡಲಾಯಿತು. ಒತ್ತಡವು ಹತೋಟಿಯಲ್ಲಿಲ್ಲದವರನ್ನು 3 ತಿಂಗಳ ತರುವಾಯ ಪರೀಕ್ಷಿಸಿದಾಗ, ಕತೆ ಕೇಳಿದವರ ಮೇಲೊತ್ತಡವು ಉಳಿದವರದಕ್ಕಿಂತ ಸುಮಾರು 11 ಮಿಲಿಮೀಟರಿನಷ್ಟು ಹೆಚ್ಚಾಗಿ ಇಳಿದಿತ್ತು. 2011ರಲ್ಲಿ ಪ್ರಕಟವಾದ ಈ ಫಲವು ಕತೆಯನ್ನು ಕಾಲಕ್ಷೇಪದ ಸಾಮಗ್ರಿಯೆಂದು ಎಣಿಸಿದ್ದವರನ್ನು ಯೋಚನೆಗೆ ಹಚ್ಚಿತು.

ಮರುವರ್ಷ, 2012ರಲ್ಲಿ, ಅಮೆರಿಕದ ಕೇಂದ್ರ ಆರೋಗ್ಯ ಇಲಾಖೆಯು ಮಾಜಿ ಧೂಮಪಾನಿಗಳ ಮಾತುಗಳನ್ನು ದೂರದರ್ಶನದಲ್ಲಿ ಬಿತ್ತರಿಸತೊಡಗಿತು. ಉತ್ತರ ಕೆರೊಲೈನಾದ ಟೆರ್ರಿ ಹಾಲ್ ಎಂಬಾಕೆಗೆ ಗಂಟಲಿನ ಕ್ಯಾನ್ಸರಿನಿಂದ ಧ್ವನಿಪೆಟ್ಟಿಗೆಯೇ ಹೋಗಿದ್ದಿತು. ಆಕೆ ಬೆಳಗ್ಗೆ ಎದ್ದು ಕಟ್ಟಿಸಿಕೊಂಡ ಹಲ್ಲನ್ನಿಟ್ಟು, ಕೃತಕ ಕೂದಲನ್ನು ಧರಿಸಿ, ಗಂಟಲಿನ ರಂಧ್ರಕ್ಕೆ ಮಾತಿನ ಸಾಧನವನ್ನು ಜೋಡಿಸಿ, ಅದರ ಮೇಲೆ ವಸ್ತ್ರವನ್ನು ಸುತ್ತಿಕೊಳ್ಳುವುದನ್ನು ಅರ್ಧ ನಿಮಿಷದಲ್ಲಿ ತೋರಿಸಿದಳು. ಆಕೆ 2013ರಲ್ಲಿ 53ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅದೇ ಮಾಲೆಯಲ್ಲಿ ಬ್ರಯಾನ್ ಎಂಬಾತನು, ತನ್ನ ಹೆಚ್.ಐ.ವಿ. ಔಷಧಿಯಿಂದ ಹತೋಟಿಯಲ್ಲಿದ್ದರೂ ಸಿಗರೇಟಿನ ದೆಸೆಯಿಂದ ಪಾರ್ಶ್ವವಾಯುವಿಗೆ ತುತ್ತಾದುದನ್ನು ಹೇಳಿದನು. 2012ರಿಂದ 2018ರವರೆಗೆ ಈ ಪ್ರಚಾರದಿಂದ ಸುಮಾರು 10 ಲಕ್ಷ ಮಂದಿ ಶಾಶ್ವತವಾಗಿ ಧೂಮಪಾನವನ್ನು ಬಿಟ್ಟರೆಂದು ಅಂದಾಜು.

ಅವರವರ ಬಾಯಲ್ಲೇ

ಈ ವಿಚಾರವನ್ನು ಹೆಚ್.ಐ.ವಿ. ಇರುವ ಹೆಂಗಸರಿಗೆ ಅನ್ವಯಿಸಿದವರು ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ದಾದಿಯರ ಶಿಕ್ಷಣ ವಿಭಾಗದ ಸಂಶೋಧಕಿಯರು. ಇದೇ ಸೋಂಕಿನೊಡನೆ ಬಾಳುತ್ತ ಸಿಗರೇಟನ್ನು ಬಿಟ್ಟ ಹೆಂಗಸರು ತಮ್ಮ ಕತೆಯನ್ನು ಹೇಳುವ ಚಿತ್ರವನ್ನು, ಬಿಡಲು ಹವಣಿಸುತ್ತಿರುವವರಿಗೆ ತೋರಿಸುವುದು; ಜೊತೆಗೆ ದೂರವಾಣಿಯ ಮೂಲಕ ಸಲಹೆಯನ್ನೂ ನಿಕೊಟಿನ್ ಪಟ್ಟಿಯನ್ನೂ ಒದಗಿಸುವುದು – ಇದು ಅವರ ಮಾರ್ಗ. ಇದರ ಮೊದಲ ಪರೀಕ್ಷೆಯು 2020ರಲ್ಲಿ ಪ್ರಕಟವಾಯಿತು. ಅದು ಚಿಕ್ಕ ಪರೀಕ್ಷೆ. ಚಿಕ್ಕ ಪರೀಕ್ಷೆಯಿಂದ ದೊಡ್ಡ ಸಿದ್ಧಾಂತವನ್ನು ಕಟ್ಟಬಾರದೆಂಬುದು ವಿಜ್ಞಾನದ ಮೊದಲ ಪಾಠ. ಆದರೆ ದಾರಿಯ ದಿಕ್ಕನ್ನು ಅದು ತೋರಿಸಿತು.

ಇಂಥ ಕಿರುಚಿತ್ರಗಳನ್ನು ತಯಾರಿಸುವ ಕ್ರಮವೊಂದು ಕ್ಯಾಲಿಫೋರ್ನಿಯಾದಲ್ಲಿ 1990ರ ದಶಕದಲ್ಲಿ ರೂಪುಗೊಂಡಿತು. ಕೆಲವರು ಮೂರು ದಿನ ಒಂದೆಡೆ ಸುತ್ತಾಗಿ ಕುಳಿತು ತಮ್ಮ ಕತೆಯನ್ನು ಹೇಳುತ್ತಾರೆ. ಅದನ್ನು ಸುಮಾರು 300 ಮಾತುಗಳಿಗೆ ಇಳಿಸುತ್ತಾರೆ. ತಮ್ಮ ಸ್ವಂತ ದನಿಯಲ್ಲಿ ಓದಿ, ತಮ್ಮ ಮನೆಯ ಭಾವಚಿತ್ರಗಳನ್ನು ಜೋಡಿಸುತ್ತಾರೆ. ಎರಡು ಮೂರು ನಿಮಿಷಗಳ ಚಿತ್ರವಾಗುತ್ತದೆ. ಈ ಕತೆಯಲ್ಲಿ ಗೆಲವು ಮಾತ್ರ ಇದ್ದರೆ ಸಾಲದು. ನಾಲ್ಕು ಸಲ ಬಿಟ್ಟು ನಾಲ್ಕು ಸಲವೂ ಮತ್ತೆ ಹಚ್ಚಿದವಳು ಐದನೆಯ ಸಲ ಹೇಗೆ ನಿಂತಳು, ತವಕ ಹುಟ್ಟಿದಾಗ ಕೈಗೆ ಏನನ್ನು ತೆಗೆದುಕೊಂಡಳು, ಯಾರಿಗೆ ದೂರವಾಣಿ ಮಾಡಿದಳು ಎಂಬುದೇ ಕೇಳುವವಳಿಗೆ ಬೇಕಾದ ವಿಷಯ.

ಆದರೆ ಇಲ್ಲೊಂದು ಎಚ್ಚರಿಕೆ ಅಗತ್ಯ. ಕತೆ ಹೇಳುವವಳು ತನ್ನ ಸೋಂಕನ್ನೂ ಹೊರಗೆಡಹುತ್ತಾಳೆ. ಚಿತ್ರವನ್ನು ಯಾರು ನೋಡಬೇಕು, ಮುಖ ಕಾಣಬೇಕೆ, ಹೆಸರು ಬೇಕೆ ಎಂಬುದನ್ನೆಲ್ಲ ಅವಳೇ ನಿರ್ಧರಿಸಬೇಕು. ಮನಸ್ಸು ಬದಲಾದರೆ ಹಿಂತೆಗೆದುಕೊಳ್ಳುವ ಸ್ವಾತಂತ್ರ್ಯವೂ ಅವಳಿಗಿರಬೇಕು. ಇನ್ನೊಬ್ಬಳನ್ನು ಉಳಿಸುವ ಉತ್ಸಾಹದಲ್ಲಿ ಇವಳ ಬಾಳನ್ನು ಕೆಡಿಸಬಾರದಷ್ಟೆ.

ಉಸಿರಿನ ಸಾಕ್ಷಿ

‘ಬಿಟ್ಟೆ’ ಎಂಬ ಮಾತನ್ನು ಪರೀಕ್ಷಿಸುವ ಉಪಾಯವೂ ಉಂಟು. ಉರಿಯುವ ತಂಬಾಕಿನಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವು ಹುಟ್ಟುತ್ತದೆ. ಇದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಒಲವಿನಿಂದ ಅಂಟಿಕೊಂಡು, ಉಸಿರಿನೊಡನೆ ಮೆಲ್ಲಗೆ ಹೊರಬೀಳುತ್ತದೆ. ಸುಮಾರು 15 ಸೆಕೆಂಡು ಉಸಿರು ಹಿಡಿದು ಒಂದು ಪುಟ್ಟ ಯಂತ್ರದೊಳಕ್ಕೆ ಊದಿದರೆ, ಒಳಗಿನ ರಾಸಾಯನಿಕ ಕೋಶದಲ್ಲಿ ಆ ಅನಿಲದ ಪ್ರಮಾಣಕ್ಕೆ ತಕ್ಕಷ್ಟು ವಿದ್ಯುತ್ ಹುಟ್ಟಿ ಅಂಕಿಯಾಗಿ ಕಾಣುತ್ತದೆ. ಸಿಗರೇಟು ನಿಂತ ಒಂದೆರಡು ದಿನಗಳಲ್ಲಿಯೇ ಅಂಕಿಯು ಸೇದದವರ ಮಟ್ಟಕ್ಕೆ ಇಳಿಯುತ್ತದೆ. ತನ್ನ ಉಸಿರು ತಿಳಿಯಾದುದನ್ನು ಕಣ್ಣಾರೆ ಕಂಡವಳಿಗೆ ಅದು ಪರೀಕ್ಷೆಯಲ್ಲ, ಬಹುಮಾನ.

ನಮ್ಮ ದೇಶದಲ್ಲಿ ಹೆಂಗಸರು ಸಿಗರೇಟು, ಬೀಡಿ ಸೇದುವುದು ವಿರಳ. 2016–17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಹೊಗೆ ಸೇದುವ ಹೆಂಗಸರು ನೂರಕ್ಕೆ 2 ಮಂದಿಯಾದರೆ, ಹೊಗೆಯಿಲ್ಲದ ತಂಬಾಕನ್ನು ಬಳಸುವವರು ನೂರಕ್ಕೆ ಸುಮಾರು 13 ಮಂದಿ. ಎಲೆಯಡಿಕೆಯೊಡನೆ ಬಾಯಿಗೆ ಬೀಳುವ ಹೊಗೆಸೊಪ್ಪನ್ನು ನಾವು ಚಟವೆಂದು ಕರೆಯುವುದೇ ಅಪರೂಪ. ಅದು ಬಾಯಿಯ ಕ್ಯಾನ್ಸರಿಗೆ ಕಾರಣವೆಂದು ಗೋಡೆಗಳ ಮೇಲೆ ಬರೆದಿದ್ದಾಗಿದೆ. ಬರೆದದ್ದನ್ನು ಓದಿಯೂ ಬಿಡಲಾರದವಳಿಗೆ, ಅವಳಂತೆಯೇ ಹೊಗೆಸೊಪ್ಪು ಹಾಕುತ್ತಿದ್ದು ಬಿಟ್ಟ ನೆರೆಯ ಹೆಂಗಸೊಬ್ಬಳ ಮಾತು ತಲಪುವಂತೆ ಮಾಡುವುದು ಇನ್ನೂ ಉಳಿದ ಕೆಲಸ.

ಔಷಧಿಯು ತವಕವನ್ನು ತಗ್ಗಿಸುತ್ತದೆ. ಯಂತ್ರವು ಉಸಿರನ್ನು ಅಳೆಯುತ್ತದೆ. ‘ನಾನೂ ನಿನ್ನಂತೆಯೇ ಇದ್ದೆ’ ಎಂಬ ಮಾತನ್ನು ಮಾತ್ರ ಹಾಗೆ ಇದ್ದವಳೇ ಹೇಳಬೇಕು.